ಹಳದಿ ನೆಲ ತಗ್ಗುತ್ತಿದೆಯೇ?

ಬೆಳಿಗ್ಗೆ ಆರು ಹತ್ತಕ್ಕೆ ಮಂಗಳೂರಿನ ‘ಪಡುಗಾಳಿ’ ದಿನಪತ್ರಿಕೆಯ ಇ-ಪೇಪರ್ ಉಪೇಂದ್ರನ ಫೋನಿನಲ್ಲಿ ತೆರೆದುಕೊಂಡಿತು. ಮುಖಪುಟದಲ್ಲಿ ಅವನ ಹೆಸರಿತ್ತು.

ಉಪೇಂದ್ರ ಮೊದಲು ಹೆಸರು ಓದಿದ. ಸರಿಯಾಗಿತ್ತು. ಆಮೇಲೆ ಸುದ್ದಿ ಓದಿದ. ಅದೂ ಸರಿಯಾಗಿತ್ತು. ಕೊನೆಗೆ ತಲೆಬರಹ ಓದಿದ, ಹಾಸಿಗೆಯಲ್ಲಿ ಎದ್ದು ಕುಳಿತ.

‘ಕೇರಳದಲ್ಲಿ ಹಳದಿ ನೆಲ ತಗ್ಗುತ್ತಿದೆಯೇ?’

ಅವನು ಬರೆದು ಕಳಿಸಿದ್ದು ‘ಹಳದಿ ಮೇಲ್ಮೈ’ ಎಂದು. ತಕ್ಷಣ ಮಂಗಳೂರಿಗೆ ಫೋನ್ ಮಾಡಿದ. ಸುದ್ದಿ ಸಂಪಾದಕ ಕೃಷ್ಣಮೂರ್ತಿಯವರು ಆಗಲೇ ಎದ್ದಿದ್ದರು.

“ಸಾರ್, ನೆಲ ಅಂತ ನಾನು ಬರೀಲಿಲ್ಲ. ಅದು ನೆಲ ಹೌದೋ ಅಲ್ವೋ ಅಂತಲೇ ಗೊತ್ತಿಲ್ಲ.”

“ಮೇಲ್ಮೈ ಅಂತ ಹಾಕಿದ್ರೆ ಓದುಗರಿಗೆ ತುರಿಕೆ ನೆನಪಾಗ್ತದೆ ಮಾರಾಯ. ಅಲ್ಲದೆ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದ್ದೇವಲ್ಲ? ಅದು ಹಾಕಿದ ಮೇಲೆ ನಮ್ಮ ಮೇಲೆ ಎಂತದೂ ಬರುವುದಿಲ್ಲ. ನೀನು ಮುಂದಿನ ಕಾಪಿ ಬರೆದು ಕಳಿಸು. ನೆನಪುಂಟಲ್ಲ, ತಿಂಗಳ ಕೊನೆ?”

ನೆನಪಿತ್ತು. ‘ಪಡುಗಾಳಿ’ಯ ಕೊಚ್ಚಿ ಬ್ಯೂರೋ ಎಂದರೆ ಕಳಮಶ್ಶೇರಿಯ ಒಂದು ಫ್ಲಾಟಿನ ಮೂರನೇ ಮಹಡಿಯ ಕೋಣೆ, ಒಂದು ಮೇಜು, ಒಬ್ಬ ಉಪೇಂದ್ರ. ಬ್ಯೂರೋದ ಬೋರ್ಡು ಬಾಲ್ಕನಿಯಲ್ಲಿ ಒಣಗುವ ಬನಿಯನ್ನುಗಳ ನಡುವೆ ಆಗಾಗ ಕಾಣಿಸುತ್ತಿತ್ತು. ಅದನ್ನು ತಿಂಗಳ ಕೊನೆಗೆ ಮುಚ್ಚಿ ಅವನನ್ನು ಮಂಗಳೂರಿಗೆ ಕರೆಸಿ ‘ಶ್ರದ್ಧಾಂಜಲಿ’ ಪುಟಕ್ಕೆ ಹಾಕುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ತೀರಿಹೋದವರ ಹೆಸರು, ವಯಸ್ಸು, ಊರು ತಾಳೆ ನೋಡುವ ಕೆಲಸ. “ಬೇರೆ ಪತ್ರಿಕೆಗಳು ನಮ್ಮ ಹಿಂದೆ ಓಡಿ ಬರುವಂಥ ಒಂದು ಸುದ್ದಿ ಕೊಡು, ನಾನು ಮಂಡಳಿಯ ಹತ್ತಿರ ಮಾತಾಡ್ತೇನೆ” ಎಂದು ಕೃಷ್ಣಮೂರ್ತಿ ಹೇಳಿದ್ದರು.

ಆ ಸುದ್ದಿ ಉಪೇಂದ್ರನಿಗೆ ವಾರದ ಹಿಂದೆ ಸಿಕ್ಕಿತ್ತು. ಅವನು ಹುಡುಕಿದ್ದಲ್ಲ, ಯೂಟ್ಯೂಬ್ ತೆರೆದಾಗ ತಾನಾಗಿಯೇ ಎದುರಿಗೆ ಬಂದು ನಿಂತಿತ್ತು. ಹೆಸರಿಲ್ಲದ ಒಂದು ಚಾನೆಲ್. ನೋಡಿದವರು ಯಾರೂ ಇಲ್ಲ ಎನ್ನಬಹುದು. ದಿನಕ್ಕೊಂದು ಪುಟ್ಟ ವಿಡಿಯೋ. ಪ್ರತಿಯೊಂದಕ್ಕೂ ‘ಎಸ್ ಮೂರು, ಲೆವೆಲ್’ ಎಂದಷ್ಟೇ ಹೆಸರು. ತುಂಬ ಹತ್ತಿರದಿಂದ ತೆಗೆದ ಹಳದಿ ಮೇಲ್ಮೈಯೊಂದು ಪರದೆ ತುಂಬ ಕಾಣುತ್ತದೆ. ಹರಳು ಹರಳಾದ ಮರಳುಗಾಡಿನಂತೆ. ಅದರ ಮೇಲೆ ಬಾಗಿದ ಗೆರೆಗಳು. ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು. ಮನುಷ್ಯರಿಲ್ಲ, ಮಾತಿಲ್ಲ. ಕೊನೆಯಲ್ಲಿ ಧಪ್ ಎಂದು ಸದ್ದಾಗಿ ಒಮ್ಮೆಲೇ ಕತ್ತಲು.

ಮರುದಿನದ ವಿಡಿಯೋದಲ್ಲಿ ಮೇಲ್ಮೈ ತುಸು ತಗ್ಗಿರುತ್ತದೆ.

ಉಪೇಂದ್ರ ಲೆಕ್ಕದ ಮನುಷ್ಯ. ಕಂಡದ್ದನ್ನು ಬರೆದ, ಕಾಣದ್ದನ್ನು ಬರೆಯಲಿಲ್ಲ. ಒಂದು ವಿಡಿಯೋದಲ್ಲಿ ದೂರದಿಂದ ಏಲೂರಿನ ಕಾರ್ಖಾನೆಯ ಸೈರನ್ ಕೇಳಿಸುವುದನ್ನು ಗುರುತಿಸಿದ. ಬಾಲ್ಕನಿಯಲ್ಲಿ ನಿಂತು ಅದೇ ಸೈರನ್ನನ್ನು ತನ್ನ ಕಿವಿಯಿಂದಲೇ ಕೇಳಿ ತಾಳೆ ನೋಡಿದ. ‘ಏಲೂರಿನ ಸೈರನ್ ಕೇಳಿಸುವಷ್ಟು ದೂರದ ಒಳಗೆ ಚಿತ್ರೀಕರಣ ನಡೆದಿದೆ’ ಎಂದು ಬರೆದ. ಆ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು.

ನೆಲಮಹಡಿಯ ಅನಂತರಾಮ ನಿಂತಿದ್ದರು. ಮೈಸೂರಿನವರು. ಬ್ಯಾಂಕಿನಿಂದ ನಿವೃತ್ತರಾಗಿ ಮಗಳಿದ್ದ ಊರಿಗೆ ಬಂದು ನೆಲೆಸಿ, ಫ್ಲಾಟಿನ ಅಸೋಸಿಯೇಷನ್‌ಗೆ ಕಾರ್ಯದರ್ಶಿಯಾಗಿದ್ದವರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಅಳತೆ ಟೇಪು. ಹಿಂದೆ ಅವರ ಹೆಂಡತಿ ಜಯಲಕ್ಷ್ಮಿ, ಸೆರಗಿನಲ್ಲಿ ಕೈ ಒರೆಸುತ್ತ.

“ಏನ್ರೀ ಉಪೇಂದ್ರ, ನೆಲ ಕುಸೀತಾ ಇದೆ ಅಂತ ಮಂಗಳೂರಿಗೆಲ್ಲ ಹೇಳ್ತೀರಿ, ಕೆಳಗಡೆ ಮನೆಯವರಿಗೆ ಒಂದು ಮಾತು ಹೇಳೋದಲ್ವೇನ್ರೀ?”

“ಕುಸೀತಾ ಇಲ್ಲ ಸಾರ್. ತಗ್ಗುತ್ತಾ ಉಂಟು. ಅದೂ ನೆಲ ಅಂತ ಖಚಿತ ಇಲ್ಲ.”

“ತಗ್ಗೋದಕ್ಕೂ ಕುಸಿಯೋದಕ್ಕೂ ನೆಲಮಹಡಿಯೋರಿಗೆ ಏನ್ರೀ ವ್ಯತ್ಯಾಸ? ಪಾರ್ಕಿಂಗ್ ಗೋಡೇಲಿ ಬಿರುಕಿದೆ, ನೋಡಿದೀರಾ?”

“ಆ ಬಿರುಕು ನಾನು ಬರುವ ಮೊದಲೇ ಇತ್ತಲ್ಲ ಸಾರ್.”

“ಅಂದ್ರೆ ಆವಾಗ್ಲೇ ಶುರುವಾಗಿತ್ತು ಅಂತಾಯ್ತು!”

ಜಯಲಕ್ಷ್ಮಿ ಉಪೇಂದ್ರನ ಫೋನಿನ ಮೇಲೆ ಬಾಗಿ ವಿಡಿಯೋ ನೋಡಿದರು. “ನೋಡಿದ್ರೆ ಏನೋ ತಿನ್ನೋ ಸಾಮಾನಿನ ಥರಾ ಇದೆಯಲ್ರೀ. ಮೈಸೂರ್ ಪಾಕ್ ಹಿಂಗೇ ಅಲ್ವಾ ಇರೋದು?”

“ನಿನಗೆ ಎಲ್ಲಾ ಮೈಸೂರ್ ಪಾಕೇ. ಮನೆ ಭೂಮಿ ಒಳಗೆ ಹೋಗ್ತಾ ಇದೆ, ಇವಳಿಗೆ ತಿಂಡಿ ಚಿಂತೆ” ಎಂದು ಅನಂತರಾಮ ಮೆಟ್ಟಿಲಿಳಿದರು. ಅರ್ಧ ಗಂಟೆಯಲ್ಲಿ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಎಚ್ಚರಿಕೆ ಬಂತು. ಕಾರುಗಳೆಲ್ಲ ಪಾರ್ಕಿಂಗ್‌ನಿಂದ ಹೊರಗೆ ಬಂದು ರಸ್ತೆಯ ಮೇಲೆ ನಿಂತವು. ರಸ್ತೆಯಲ್ಲಿ ಬಸ್ಸು ನಿಂತಿತು. ಬಸ್ಸಿನವರು ಇಳಿದು ಏನು ವಿಷಯ ಎಂದು ಕೇಳಿದರು. ವಿಷಯ ತಿಳಿದ ಮೇಲೆ ಅವರೂ ಬಿರುಕು ನೋಡಿಕೊಂಡು ಹೋದರು.

ಈ ಗಲಾಟೆಗೆ ಅಜಿತ್ ಎದ್ದ. ಮೂರನೇ ಮಹಡಿಯ ಮನೆಯನ್ನು ಹಂಚಿಕೊಂಡಿದ್ದ ಮೂವರಲ್ಲಿ ಅವನು ಎರಡನೆಯವನು. ಬೆಂಗಳೂರಿನ ಹುಡುಗ. ಐಟಿ ಕಂಪನಿಯ ಕೆಲಸವನ್ನು ಮನೆಯಿಂದಲೇ, ಬಹುಮಟ್ಟಿಗೆ ಮಲಗಿಕೊಂಡೇ ಮಾಡುತ್ತಿದ್ದ. ಸುದ್ದಿ ಕೇಳಿ ಅವನ ನಿದ್ದೆ ಪೂರ್ತಿ ಹಾರಿಹೋಯಿತು.

“ಗುರು, ಸೌಂಡ್ ಕೊಡು ಇಲ್ಲಿ. ನಾನು ಸಾಫ್ಟ್‌ವೇರಲ್ಲಿ ಹಾಕಿ ನೋಡ್ತೀನಿ.”

ಹೆಡ್‌ಫೋನು ಹಾಕಿಕೊಂಡು ಆ ಗುಂಯ್ ಸದ್ದನ್ನು ಮತ್ತೆ ಮತ್ತೆ ಕೇಳಿದ. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್‌ಗುಟ್ಟುತ್ತಿದ್ದುದರಿಂದ ಸರಿಯಾಗಿ ಕೇಳಿಸುತ್ತಿಲ್ಲ ಎಂದ. ಉಪೇಂದ್ರ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಂದ.

“ಹಾ! ಇದು ಕಂಪ್ರೆಸರ್ ಸೌಂಡ್. ನೂರಕ್ಕೆ ನೂರು” ಎಂದ ಅಜಿತ್. “ಎಲ್ಲೋ ನೆಲದಡಿ ದೊಡ್ಡ ಮಷಿನ್ ಓಡ್ತಿದೆ. ಎಸ್ ಮೂರು ಅಂದ್ರೆ ಏನ್ ಹೇಳು? ಸೆಕ್ಟರ್ ಮೂರು. ಅಂದ್ರೆ ಒಂದು, ಎರಡು ಕೂಡ ಇವೆ. ಸಖತ್ ಸ್ಟೋರಿ ಮಗಾ!”

“ನಿನ್ನನ್ನು ತಾಂತ್ರಿಕ ತಜ್ಞ ಅಂತ ಬರೀಬಹುದಾ?”

“ಹಿರಿಯ ಅಂತ ಸೇರಿಸು.”

ಒಂದು ಮೂಲವಾಯಿತು. ‘ಪಡುಗಾಳಿ’ಯಲ್ಲಿ ಯಾವ ಸುದ್ದಿಗೂ ಎರಡು ಮೂಲ ಬೇಕು, ಅದು ಉಪೇಂದ್ರನ ಪಾಲಿಗೆ ನಿಯಮವಲ್ಲ, ಹೆಚ್ಚುಕಡಿಮೆ ವ್ರತ. ಏಲೂರು, ಹಳದಿ ಬಣ್ಣ, ಹರಳು ಎಂದು ಯೋಚಿಸುತ್ತಿದ್ದಂತೆ ಅವನ ತಲೆಯಲ್ಲಿ ಬಲ್ಬು ಹತ್ತಿತು. ಗಂಧಕ! ಗೊಬ್ಬರದ ಕಾರ್ಖಾನೆಗಳ ಅಂಗಳದಲ್ಲಿ ಗಂಧಕ ಗುಡ್ಡದಂತೆ ಬಿದ್ದಿರುತ್ತದೆ. ಮತ್ತು ಫ್ಲಾಟಿನ ಮೂರನೆಯವನಾದ ವಿನ್ಸೆಂಟ್ ಏಲೂರಿನ ಒಂದು ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟು.

ವಿನ್ಸೆಂಟ್ ಕಿನ್ನಿಗೋಳಿಯವನು. ಬೆಳಗಿನ ಶಿಫ್ಟಿಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ. ಮೊಬೈಲನ್ನು ಕಾರ್ಖಾನೆಯ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಾದ್ದರಿಂದ ಶಿಫ್ಟ್ ಮುಗಿಯುವವರೆಗೆ ಲೋಕದಲ್ಲಿ ಏನೇ ಆದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಉಪೇಂದ್ರ ಲ್ಯಾಬಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ.

“ವಿನ್ಸೆಂಟ್, ನಾನು ಮಾರಾಯ. ನಿಮ್ಮಲ್ಲಿ ಗಂಧಕದ ರಾಶಿ ಉಂಟಲ್ಲ, ಅದು ಕಡಿಮೆ ಆಗ್ತಾ ಉಂಟಾ?”

“ಆಗದೆ ಎಂತ ಮಾಡ್ತದೆ? ದಿನಾ ಬಳಸ್ತೇವಲ್ಲ.”

“ಅಂದ್ರೆ ಕಡಿಮೆ ಆಗ್ತಿರುವುದು ಹೌದು.”

“ಹೌದು ಮಾರಾಯ. ಹಡಗು ಬಂದ್ರೆ ಪುನಃ ಜಾಸ್ತಿ ಆಗ್ತದೆ. ನಿನಗೆ ಬೇರೆ ಕೆಲಸ ಇಲ್ವಾ? ಇಲ್ಲಿ ಕಡಿಮೆ ಆಗುವುದು ಬಿಡು, ಮನೆಯಲ್ಲಿ ಕಡಿಮೆ ಆಗುವ ವಿಷಯ ಒಂದುಂಟು, ಸಂಜೆ ನನಗೆ ನಿಮ್ಮಿಬ್ಬರ ಹತ್ತಿರವೂ ಮಾತಾಡ್ಲಿಕ್ಕುಂಟು...”

ಬೇಕಾದ ಮಾತು ಸಿಕ್ಕಿದ ಮೇಲೆ ಉಳಿದದ್ದನ್ನು ಕೇಳುವ ಅಭ್ಯಾಸ ವರದಿಗಾರರಿಗಿಲ್ಲ. ಉಪೇಂದ್ರ ಫೋನ್ ಇಟ್ಟು ಬರೆಯತೊಡಗಿದ. ‘ಏಲೂರಿನ ಕಾರ್ಖಾನೆಯೊಂದರಲ್ಲಿ ಗಂಧಕದ ರಾಶಿ ಕಡಿಮೆಯಾಗುತ್ತಿರುವುದನ್ನು ಮೂಲಗಳು ಖಚಿತಪಡಿಸಿವೆ. ಅದು ಬಳಕೆಯಿಂದ ಎಂದು ಅವು ತಿಳಿಸಿವೆ.’ ಮಂಗಳೂರಿನಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಎರಡನೆಯ ವಾಕ್ಯವನ್ನು ಜಾಗವಿಲ್ಲವೆಂದು ತೆಗೆದುಹಾಕಿದರು. ವೆಬ್‌ಸೈಟಿನಲ್ಲಿ ಜಾಗ ಹೇಗೆ ಸಾಲದೆ ಹೋಯಿತೆಂದು ಉಪೇಂದ್ರ ಕೇಳಿದ. ಓದುಗರ ತಾಳ್ಮೆಯಲ್ಲಿ ಜಾಗವಿಲ್ಲ ಎಂದು ಉತ್ತರ ಬಂತು.

ಮುಂದಿನದು ಬೆಂಕಿ ಹತ್ತಿದ ಪಟಾಕಿ ಸರದಂತಾಯಿತು. ಒಂದು ಮಲಯಾಳಂ ಪೋರ್ಟಲ್ ‘ಮಂಗಳೂರಿನ ಪತ್ರಿಕೆ ಹೇಳಿದೆ’ ಎಂದು ಹಾಕಿತು. ಇನ್ನೊಂದು ಅದನ್ನು ನೋಡಿ ಹಾಕಿತು. ಅದನ್ನು ನೋಡಿ ಕೃಷ್ಣಮೂರ್ತಿ ಫೋನ್ ಮಾಡಿದರು.

“ಉಪೇಂದ್ರ, ಮಲಯಾಳಂನವರೂ ಹೇಳ್ತಾ ಇದ್ದಾರೆ. ಅಂದ್ಮೇಲೆ ಸುದ್ದಿ ಖಚಿತ ಆಯ್ತಲ್ಲ!”

“ಸಾರ್, ಅವರು ಹೇಳ್ತಿರುವುದು ನಾವು ಹೇಳಿದ್ದನ್ನೇ.”

“ಎಲ್ಲರೂ ಒಂದೇ ಹೇಳಿದ್ರೆ ಅದಕ್ಕೇ ಖಚಿತ ಅನ್ನುವುದು.”

ಕಾರ್ಖಾನೆಯೊಂದು ‘ನಮ್ಮ ಗಂಧಕಕ್ಕೆ ಏನೂ ಆಗಿಲ್ಲ’ ಎಂದು ಎರಡು ಸಾಲಿನ ಹೇಳಿಕೆ ಕೊಟ್ಟಿತು. ‘ಗಂಧಕ: ಕೊನೆಗೂ ಮೌನ ಮುರಿದ ಕಾರ್ಖಾನೆ’ ಎಂದು ಅದೂ ಸುದ್ದಿಯಾಯಿತು. ಹೆಸರಿಲ್ಲದ ಚಾನೆಲ್ಲಿನ ವಿಡಿಯೋಗಳನ್ನು ಹತ್ತು ಗಂಟೆಯ ಹೊತ್ತಿಗೆ ಲಕ್ಷಗಟ್ಟಲೆ ಜನ ನೋಡಿದ್ದರು. ಮಂಗಳಗ್ರಹ ಎಂದರು ಕೆಲವರು. ಅಣೆಕಟ್ಟಿನ ತಳ ಎಂದರು ಕೆಲವರು. ಒಬ್ಬರು ಇದು ತಮ್ಮ ಸೋದರತ್ತೆಯ ಹಿಮ್ಮಡಿ ಎಂದು ಬರೆದು, ಅದಕ್ಕೂ ಸಾವಿರಾರು ಮೆಚ್ಚುಗೆ ಪಡೆದರು.

ಅಷ್ಟರಲ್ಲಿ ತಿರುವನಂತಪುರದ ಒಂದು ವಾರ್ತಾ ಚಾನೆಲ್ಲಿನಿಂದ ಕರೆ ಬಂತು. ಸಂಜೆ ಏಳರ ಚರ್ಚೆಗೆ, ವಿಡಿಯೋ ಸರಣಿಯನ್ನು ಮೊದಲು ಬೆಳಕಿಗೆ ತಂದ ಪತ್ರಕರ್ತರು ಸ್ಟುಡಿಯೋಗೇ ಬರಬೇಕು.

ಉಪೇಂದ್ರ ಕೃಷ್ಣಮೂರ್ತಿಯವರಿಗೆ ತಿಳಿಸಿದ. “ಹೋಗು. ಎಂಡಿಯವರು ಮನೆಮಂದಿ ಜೊತೆ ಕೂತು ನೋಡ್ತಾರಂತೆ. ಕೊಚ್ಚಿ ಬ್ಯೂರೋ ಉಳಿಯಿತು ಅಂತಲೇ ಇಟ್ಟುಕೋ. ಒಂದು ಮಾತು ತಪ್ಪಬಾರದು.”

ಅಜಿತ್ ತನ್ನ ನೀಲಿ ಕೋಟು ಕೊಟ್ಟ. ಅಕ್ಕನ ಮದುವೆಗೆ ಹೊಲಿಸಿದ್ದು. ಎದೆಯ ಮೇಲೆ ಬಂಗಾರದ ಬಣ್ಣದ ನವಿಲಿತ್ತು. “ಟಿವೀಲಿ ಎದ್ದು ಕಾಣುತ್ತೆ ಮಗಾ” ಎಂದು ತಾನೇ ಗುಂಡಿ ಹಾಕಿದ. ರೈಲಿಗೆ ಹೊತ್ತಾಗುತ್ತಿತ್ತು. ಉಪೇಂದ್ರ ಅಡುಗೆಮನೆಗೆ ನುಗ್ಗಿ, ಎರಡು ತುಂಡು ಬ್ರೆಡ್ಡಿಗೆ ಫ್ರಿಜ್ಜಿನಲ್ಲಿ ಸಿಕ್ಕಿದ್ದನ್ನು ಸವರಿಕೊಂಡು, ನಿಂತಲ್ಲೇ ತಿಂದು, ಬಾಯೊರೆಸಿಕೊಂಡು ಓಡಿದ.

ಮೆಟ್ರೋದಲ್ಲಿ ಜನ ನವಿಲನ್ನು ನೋಡಿದರು. ರೈಲಿನಲ್ಲೂ ನೋಡಿದರು. ಕಿಟಕಿಯ ಪಕ್ಕ ಕುಳಿತು ಉಪೇಂದ್ರ ತಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದ. ಬಾಗಿದ ಗೆರೆಗಳು ಗಾಳಿಯಿಂದಾದದ್ದಲ್ಲ, ಯಾರೋ ಬೇಕೆಂದೇ ಮಾಡಿದ್ದು ಎಂದು ಅವನಿಗೆ ಬಲವಾಗಿ ಅನ್ನಿಸುತ್ತಿತ್ತು. ಯಾಕೆ ಹಾಗನ್ನಿಸುತ್ತದೆಂದು ಮಾತ್ರ ಹೊಳೆಯಲಿಲ್ಲ.

ಕೊಲ್ಲಂ ದಾಟುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಅದು ಗಂಧಕವಲ್ಲ, ವಿಳಿಂಜಂ ಬಂದರಿನ ಕೆಳಗಿನ ಸಮುದ್ರತಳ ಎಂದು ಯಾರೋ ಹಾಕಿದ್ದರು. ವಿಳಿಂಜಂನ ಮೀನುಗಾರರೊಬ್ಬರ ಬಾಯಿಗೆ ವಾರ್ತಾ ಚಾನೆಲ್ಲಿನವರು ಮೈಕು ಹಿಡಿದಿದ್ದರು. “ಸಮುದ್ರದ ತಳ ಹಳದಿ ಆಗಿದ್ದರೆ ನಮ್ಮ ಬಲೆ ಇಷ್ಟು ವರ್ಷ ಬಿಳಿಯಾಗಿ ಮೇಲೆ ಬರುತ್ತಿತ್ತೇ? ಆಚೆ ಹೋಗಿ, ಹಗ್ಗ ತುಳೀತಿದ್ದೀರಿ” ಎಂದು ಅವರು ಹೇಳಿದ್ದರು. ಇಡೀ ದಿನದಲ್ಲಿ ಈ ವಿಷಯದ ಬಗ್ಗೆ ಯಾರಾದರೂ ಆಡಿದ ನೆಟ್ಟಗಿನ ಮಾತು ಅದೊಂದೇ.

ಸ್ಟುಡಿಯೋದಲ್ಲಿ ನಿರೂಪಕಿ ಆಯೇಷಾ ಮೇಕಪ್ ಕೋಣೆಗೇ ಬಂದು ಕನ್ನಡದಲ್ಲಿ ಮಾತಾಡಿಸಿದಳು.

“ನಮಸ್ಕಾರ ಸಾರ್. ನಾನು ಉಪ್ಪಳದವಳು. ಶಾಲೆ ಎಲ್ಲ ಕನ್ನಡದಲ್ಲೇ. ಮಲಯಾಳಂ ಸಿಕ್ಕದಿದ್ರೆ ಕನ್ನಡದಲ್ಲಿ ಹೇಳಿ, ನಾನು ನೋಡ್ಕೊಳ್ತೇನೆ.”

ಉಪೇಂದ್ರನಿಗೆ ಹೋದ ಜೀವ ಬಂದಂತಾಯಿತು. “ನಾನು ಬದಿಯಡ್ಕದವ. ಮಲಯಾಳಂ ಬರ್ತದೆ, ಹೆದರಿದ್ರೆ ಹೋಗ್ತದೆ.”

“ಹೆದರ್ಬೇಡಿ. ಒಂದೇ ವಿಷಯ. ಏನು ಕೇಳಿದ್ರೂ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಚರ್ಚೆ ಅಲ್ಲಿಗೇ ಸತ್ತುಹೋಗ್ತದೆ.” ಅವಳು ಕೋಟಿನ ಕಡೆ ನೋಡಿದಳು. “ನವಿಲು ಚೆಂದ ಉಂಟು ಸಾರ್.”

ಚರ್ಚೆಯಲ್ಲಿ ಉಪೇಂದ್ರನ ಪಕ್ಕ ನಿವೃತ್ತ ಭೂವಿಜ್ಞಾನಿಯೊಬ್ಬರು ಕುಳಿತಿದ್ದರು. ದೊಡ್ಡ ಪರದೆಯ ಮೇಲೆ, ಕಳಮಶ್ಶೇರಿಯ ಪಾರ್ಕಿಂಗ್ ಜಾಗದಿಂದ, ‘ಸಂತ್ರಸ್ತ ನಿವಾಸಿ’ ಎಂಬ ಪಟ್ಟಿಯ ಮೇಲೆ ಅನಂತರಾಮ. ಹಿಂದೆ ಬಿರುಕು. ಬಿರುಕಿನ ಪಕ್ಕ ಜಯಲಕ್ಷ್ಮಿ.

ಭೂವಿಜ್ಞಾನಿ ಕೋಲು ಹಿಡಿದು ಹಳದಿ ಮೇಲ್ಮೈಯ ಬಾಗಿದ ಗೆರೆಗಳನ್ನು ತೋರಿಸಿದರು. ಗಾಳಿಯ ಸವೆತದ ಅಪರೂಪದ ಮಾದರಿ, ಆಗಲು ಕಡಿಮೆಯೆಂದರೂ ಹತ್ತು ಸಾವಿರ ವರ್ಷ ಬೇಕು ಎಂದರು.

“ಆದರೆ ದಿನಾ ಬದಲಾಗ್ತಾ ಉಂಟಲ್ಲ?” ಎಂದ ಉಪೇಂದ್ರ, ವಿನಯದಿಂದ.

“ಗಾಳಿ ಜೋರಿರಬೇಕು” ಎಂದರು ಭೂವಿಜ್ಞಾನಿ.

ಉಪೇಂದ್ರ ತಣ್ಣಗೆ, ಲೆಕ್ಕವಾಗಿ ಮಾತಾಡಿದ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಬೇರೆ ಬೇರೆ ಮಾಡಿ ಹೇಳಿದ. “ಇದರ ಹಿಂದೆ ಯಾರಿದ್ದಾರೋ ಅವರನ್ನು ‘ಪಡುಗಾಳಿ’ ಹುಡುಕಿಯೇ ತೀರುತ್ತದೆ. ಸತ್ಯ ಎಷ್ಟೇ ದೊಡ್ಡವರ ಮನೆಯಲ್ಲಿ ಅಡಗಿರಲಿ” ಎಂದ. ಮಂಗಳೂರಿನಲ್ಲಿ ಎಂಡಿಯವರು ಚಪ್ಪಾಳೆ ತಟ್ಟಿದರೆಂದು ಕೃಷ್ಣಮೂರ್ತಿಯವರ ಸಂದೇಶ ಬಂತು.

ಆಗ ಆಯೇಷಾ ಕಿವಿಯ ಯಂತ್ರವನ್ನು ಒತ್ತಿ ಹಿಡಿದಳು. ಅವಳ ಕಣ್ಣುಗಳು ಅರಳಿದವು.

“ಈಗಷ್ಟೇ ಹೊಸ ವಿಡಿಯೋ ಬಂದಿದೆ! ಎಲ್ಲಕ್ಕಿಂತ ಉದ್ದದ್ದು. ನೇರವಾಗಿ ನೋಡೋಣ.”

ಪರದೆಯ ತುಂಬ ಹಳದಿ. ಗುಂಯ್ ಸದ್ದು. ಈ ಸಲ ಕ್ಯಾಮೆರಾ ಮೆಲ್ಲನೆ ಹಿಂದೆ ಸರಿಯಿತು. ಹಳದಿ ಮರಳುಗಾಡಿಗೆ ಗಾಜಿನ ಅಂಚು ಬಂತು. ಅಂಚಿನ ಕೆಳಗೆ ಬಾಟ್ಲಿ ಬಂತು. ಬಾಟ್ಲಿಯ ಮೇಲೆ ಅಂಟಿಸಿದ ಚೀಟಿ: ‘ವಿನ್ಸೆಂಟ್. ಮುಟ್ಟಬೇಡಿ’. ಪಕ್ಕದಲ್ಲಿ ಅರ್ಧ ತೆಂಗಿನಕಾಯಿ, ಒಂದು ಪ್ಯಾಕೆಟ್ ದೋಸೆ ಹಿಟ್ಟು, ಒಣಗಿದ ನಿಂಬೆಹೋಳು.

ಭೂವಿಜ್ಞಾನಿ ಕೋಲು ಕೆಳಗಿಟ್ಟರು.

“ಇದು ನೆಯ್ಯಲ್ಲವೇ?” ಎಂದರು.

ತುಪ್ಪವೇ. ಮರಳು ಮರಳಾದ, ಮನೆಯಲ್ಲಿ ಕಾಸಿದ ತುಪ್ಪ. ಕಳಮಶ್ಶೇರಿಯ ಕಡೆಯಿಂದ ಜಯಲಕ್ಷ್ಮಿಯವರ ದನಿ ಇಡೀ ಕೇರಳಕ್ಕೆ ಕೇಳಿಸಿತು. “ನಾನು ಬೆಳಿಗ್ಗೇನೇ ಹೇಳ್ಲಿಲ್ವಾ, ತಿನ್ನೋ ಸಾಮಾನು ಅಂತ? ಕಾರ್ ಒಳಗೆ ತಗೊಂಡ್ ಬನ್ರೀ!”

ಉಪೇಂದ್ರನ ಎದೆಯಲ್ಲಿ ಮೊದಲು ಬಂದದ್ದು ಸಮಾಧಾನ. ನೆಲ ಕುಸಿದಿಲ್ಲ, ಯಾರೂ ಸಾಯುವುದಿಲ್ಲ. ಅವನು ಬರೆದ ಒಂದು ವಾಕ್ಯವೂ ಸುಳ್ಳಾಗಿಲ್ಲ: ಮೇಲ್ಮೈ ಹಳದಿಯೇ, ತಗ್ಗುತ್ತಿರುವುದೂ ಹೌದು, ಏಲೂರಿನ ಸೈರನ್ನೂ ಕೇಳಿಸುತ್ತದೆ. ಎರಡನೆಯದಾಗಿ ಬಂದದ್ದು ಬ್ರೆಡ್ಡಿನ ನೆನಪು.

ಪರದೆಯ ಮೇಲೆ ಫ್ರಿಜ್ಜಿನ ಬಾಗಿಲು ಧಪ್ ಎಂದು ಮುಚ್ಚಿ ಕತ್ತಲಾಯಿತು. ಕ್ಯಾಮೆರಾ ಒಳಗೇ ಉಳಿದಿತ್ತು.

“ನಿಲ್ಲಿಸಿ” ಎಂದ ಉಪೇಂದ್ರ. “ಮುಂದಿನದ್ದು ಹಾಕ್ಬೇಡಿ. ಇನ್ನೂ ಖಚಿತ ಆಗಿಲ್ಲ.”

“ಲೈವ್ ಸಾರ್” ಎಂದಳು ಆಯೇಷಾ, ತುಟಿ ಅಲ್ಲಾಡಿಸದೆ.

ಬಾಗಿಲು ತೆರೆಯಿತು. ಬೆಳಕು ಬಿತ್ತು. ಬೆಳಕಿನ ನಡುವೆ ಮೊದಲು ಕಂಡದ್ದು ಬಂಗಾರದ ನವಿಲು.

ನಿರ್ಮಾಪಕರು ಬುದ್ಧಿವಂತರು, ತಕ್ಷಣ ಪರದೆಯನ್ನು ಎರಡು ಹೋಳು ಮಾಡಿದರು. ಎಡಗಡೆ ಸ್ಟುಡಿಯೋದ ಉಪೇಂದ್ರ, ಬಲಗಡೆ ಫ್ರಿಜ್ಜಿನ ಉಪೇಂದ್ರ. ಎರಡೂ ಕಡೆ ನವಿಲು. ಬಲಗಡೆಯವನು ಅತ್ತಿತ್ತ ನೋಡಿದ. ಬಾಟ್ಲಿಯ ಮುಚ್ಚಳ ತೆಗೆದ. ಒಂದು ಚಮಚ ಬ್ರೆಡ್ಡಿಗೆ, ಒಂದು ಚಮಚ ನೇರವಾಗಿ ಬಾಯಿಗೆ. ಚಪ್ಪರಿಸಿದ. ಆಮೇಲೆ ಚಮಚದ ಬೆನ್ನಿನಿಂದ, ಗೋಡೆಗೆ ಗಿಲಾವು ಮಾಡುವ ಮೇಸ್ತ್ರಿಯ ನಾಜೂಕಿನಲ್ಲಿ, ತೋಡಿದ ಗುಂಡಿಯನ್ನು ಬಾಗಿದ ಗೆರೆಗಳಾಗಿ ನಯಮಾಡಿದ.

“ಸವೆತ!” ಎಂದು ಉದ್ಗರಿಸಿದರು ಭೂವಿಜ್ಞಾನಿ.

ಆಯೇಷಾ ವೃತ್ತಿಧರ್ಮ ಬಿಡಲಿಲ್ಲ. “ಉಪೇಂದ್ರ ಸಾರ್, ಈ ವ್ಯಕ್ತಿಯ ಬಗ್ಗೆ ನಿಮ್ಮ ಹತ್ತಿರ ಏನಾದರೂ ಮಾಹಿತಿ ಇದೆಯೇ?”

ಗೊತ್ತಿಲ್ಲ ಎನ್ನಬಾರದೆಂದು ಅವಳೇ ಹೇಳಿದ್ದಳು.

“ಇದೆ” ಎಂದ ಉಪೇಂದ್ರ.

ಸ್ಟುಡಿಯೋದಿಂದ ಹೊರಗೆ ಬರುತ್ತಿದ್ದಂತೆ ವಿನ್ಸೆಂಟನ ಕರೆ ಬಂತು. ಅವನು ಸಿಟ್ಟಿನಲ್ಲಿರಲಿಲ್ಲ, ಗಾಬರಿಯಲ್ಲಿದ್ದ.

“ಎಂತ ಮಾರಾಯ ಇದು, ನಿನ್ನನ್ನು ಟಿವಿಯಲ್ಲಿ ತೋರಿಸ್ತಾ ಇದ್ದಾರೆ ಅಂತ ಅಜಿತ್ ಎಬ್ಬಿಸಿದ! ನಾನು ಅಮ್ಮನಿಗೆ ತೋರಿಸ್ಲಿಕ್ಕೆ ಮಾತ್ರ ಹಾಕಿದ್ದು. ತುಪ್ಪ ಇಷ್ಟು ಬೇಗ ಖಾಲಿ ಮಾಡ್ತೀಯ, ಡಾಕ್ಟ್ರು ಬೇಡ ಹೇಳಿದ್ದಾರಲ್ಲ ಅಂತ ದಿನಾ ಬೈಯ್ತಿದ್ರು. ನಾನು ತಿನ್ನುವುದಲ್ಲ ಅಂದ್ರೆ ನಂಬ್ಬೇಕಲ್ಲ? ಲ್ಯಾಬಲ್ಲಿ ಟ್ಯಾಂಕಿನ ಲೆವೆಲ್ ತೆಗೆದ ಹಾಗೆ ದಿನಾ ಶಿಫ್ಟಿಗೆ ಹೋಗುವ ಮೊದಲು ತೆಗ್ದೆ. ಫೋನಲ್ಲಿ ಜಾಗ ಇಲ್ಲ, ಹಾಗೆ ಯೂಟ್ಯೂಬಿಗೆ ಹಾಕಿ ಅಮ್ಮನಿಗೆ ಲಿಂಕ್ ಕಳಿಸಿದ್ದು.”

“ಎಸ್ ಮೂರು ಅಂದ್ರೆ?”

“ಶೆಲ್ಫ್ ಮೂರು. ಫ್ರಿಜ್ಜಲ್ಲಿ ನನ್ನದು ಮೂರನೇದಲ್ವಾ?”

“ಲಕ್ಷಗಟ್ಟಲೆ ಜನ ನೋಡಿದ್ದು ನಿನಗೆ ಕಾಣ್ಲಿಲ್ವಾ?”

“ಕಂಡಿತು. ಅಮ್ಮ ಇಗರ್ಜಿಯ ಪ್ರಾರ್ಥನೆಯ ಗ್ರೂಪಿಗೆ ಹಾಕಿರ್ಬೇಕು ಅಂತ ಗ್ರಹಿಸಿದೆ. ಇವತ್ತು ಕಳ್ಳನನ್ನು ಹಿಡಿಯುವ ಅಂತ ಹಳೇ ಫೋನನ್ನು, ಬೆಳಕು ಬಿದ್ದಾಗ ಮಾತ್ರ ತೆಗೆಯುವ ಹಾಗೆ ಮಾಡಿ, ದೋಸೆ ಹಿಟ್ಟಿನ ಹಿಂದೆ ಇಟ್ಟದ್ದು. ಶಿಫ್ಟ್ ಮುಗಿಸಿ ಬಂದು, ನೋಡದೆ ಹಾಗೇ ಯೂಟ್ಯೂಬಿಗೆ ಹಾಕಿ ಮಲಗಿದೆ. ಅಜಿತ್ ಇರ್ಬೇಕು ಅಂತ ನನ್ನ ಲೆಕ್ಕ ಇತ್ತು. ನೀನು ಅಂತ ಗೊತ್ತಿದ್ರೆ ಅಮ್ಮನಿಗೆ ಬಾಯಲ್ಲೇ ಹೇಳ್ತಿದ್ದೆ.”

“ಅಮ್ಮ ಎಂತ ಹೇಳಿದ್ರು?”

“ಪಾಪ, ಹುಡುಗನಿಗೆ ಹಸಿವು ಇರ್ಬೇಕು ಅಂದ್ರು. ಕೋಟು ಚೆಂದ ಉಂಟು ಅಂದ್ರು.”

ಆ ಕರೆ ಮುಗಿಯುತ್ತಿದ್ದಂತೆ ಕೃಷ್ಣಮೂರ್ತಿಯವರದು. ಉಪೇಂದ್ರ ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಹಿಡಿದ. ಕ್ಷಮೆ ಕೇಳುವ ವಾಕ್ಯ ಬಾಯಲ್ಲಿ ಸಿದ್ಧವಿತ್ತು.

“ಕಾಪಿ ಎಲ್ಲಿ?” ಎಂದರು ಕೃಷ್ಣಮೂರ್ತಿ.

“ಯಾವ ಕಾಪಿ ಸಾರ್?”

“ಕಳ್ಳ ಸಿಕ್ಕಿದ್ನಲ್ಲ, ಅದರ ಕಾಪಿ! ಉಳಿದವರೆಲ್ಲ ಹಾಕಿ ಆಯ್ತು ಮಾರಾಯ. ‘ತುಪ್ಪದ ಕಳ್ಳ ಸ್ಟುಡಿಯೋದಲ್ಲೇ ಸೆರೆ’ ಅಂತ ಫೋಟೋ ಸಮೇತ. ಸರಣಿ ಮೊದಲು ಬರೆದದ್ದು ನಾವು. ಕಳ್ಳ ನಮ್ಮವನು. ಲೋಕದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿರಬೇಕಾದದ್ದು ನಿನಗೆ. ಆ ಸುದ್ದಿ ನಮ್ಮಲ್ಲಿ ಮಾತ್ರ ಇಲ್ಲ!”

“ಸಾರ್, ನಾನು ಅಲ್ಲಿ ಸ್ಟುಡಿಯೋದಲ್ಲಿ...”

“ಎಂಡಿಯವರು ಕೇಳಿದ್ರು, ಸ್ಥಳದಲ್ಲಿ ನಮ್ಮ ವರದಿಗಾರ ಯಾರೂ ಇರಲಿಲ್ವಾ ಅಂತ. ನಾನು ಎಂತ ಹೇಳಲಿ?”

ತುಪ್ಪ ಕದ್ದದ್ದನ್ನು ಮಂಡಳಿ ಕ್ಷಮಿಸಿತು. ಸುದ್ದಿ ತಪ್ಪಿಸಿಕೊಂಡದ್ದನ್ನು ಕ್ಷಮಿಸಲಿಲ್ಲ. ಎರಡು ದಿನ ಬಿಟ್ಟು ‘ಪಡುಗಾಳಿ’ಯ ಒಳಪುಟದಲ್ಲಿ ಒಂದು ತಿದ್ದುಪಡಿ ಬಂತು: ‘ಹಳದಿ ನೆಲ ಎಂದು ಪ್ರಕಟವಾದದ್ದನ್ನು ತುಪ್ಪ ಎಂದು ಓದಿಕೊಳ್ಳಬೇಕು.’ ಅದನ್ನು ಬರೆದವನು ಉಪೇಂದ್ರ. ಕಿನ್ನಿಗೋಳಿಗೆ ಫೋನ್ ಮಾಡಿ, ಎಮ್ಮೆಯದೋ ದನದ್ದೋ ಎಂದು ವಿನ್ಸೆಂಟನ ಅಮ್ಮನನ್ನು ಕೇಳಿ ಖಚಿತಪಡಿಸಿಕೊಂಡೇ ಬರೆದಿದ್ದ. ದನದ್ದು ಎಂಬ ಮಾತನ್ನು ಡೆಸ್ಕಿನವರು ಜಾಗವಿಲ್ಲವೆಂದು ತೆಗೆದುಹಾಕಿದರು.

ತಿಂಗಳ ಕೊನೆಗೆ ಉಪೇಂದ್ರ ಬಾಲ್ಕನಿಯ ಬೋರ್ಡು ಬಿಚ್ಚಿ, ಅಜಿತನಿಗೆ ಕೋಟು ವಾಪಸು ಕೊಟ್ಟು, ಶ್ರದ್ಧಾಂಜಲಿ ಪುಟ ನೋಡಿಕೊಳ್ಳಲು ಮಂಗಳೂರಿನ ರೈಲು ಹತ್ತಿದ. ವಿನ್ಸೆಂಟನ ಅಮ್ಮ ಅಷ್ಟರಲ್ಲಿ ಹೊಸ ಬಾಟ್ಲಿ ಕಳಿಸಿದ್ದರು. ಅಭ್ಯಾಸ ಬಲದಿಂದ ವಿನ್ಸೆಂಟ್ ಮರುದಿನ ಬೆಳಿಗ್ಗೆಯೂ ಮೂರನೇ ಶೆಲ್ಫಿನ ವಿಡಿಯೋ ತೆಗೆದು ಹಾಕಿದ. ತುಪ್ಪ ಎರಡು ಬೆರಳು ಇಳಿದಿತ್ತು. ಮೇಲ್ಮೈಯನ್ನು ಯಾರೂ ನಯಮಾಡಿರಲಿಲ್ಲ.

ಅದನ್ನು ಯಾವ ಪತ್ರಿಕೆಯೂ ವರದಿ ಮಾಡಲಿಲ್ಲ. ಕೊಚ್ಚಿಯಲ್ಲಿ ಆಗ ‘ಪಡುಗಾಳಿ’ಗೆ ವರದಿಗಾರ ಇರಲಿಲ್ಲ.